ನೀವು ಹೊಗಳಿದ ಚಹಾದ ನೀರು ಬೀದಿಯಲ್ಲೇ ಇದೆ

ಜಿಲ್ಲೆಯ ಗ್ರಾಮ ಸೌಂದರ್ಯ ಅಧಿಕಾರಿಗಳಿಗೆ, ಎಲ್ಲರೂ ಓದಬಹುದಾದ ಒಂದು ಕಾಗದ

ಮಾನ್ಯರೇ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತ ಅದಕ್ಕಿಂತ ಕೆಟ್ಟದ್ದು. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪೆನ್ನನ್ನು ಕಿಟಕಿಯ ಹತ್ತಿರ ಇಟ್ಟಿದ್ದೆ, ಶಾಯಿ ಹೆಪ್ಪುಗಟ್ಟಿದೆ. ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಂಡು ಎರಡು ಸಾಲು ಬರೆಯುತ್ತೇನೆ, ಮತ್ತೆ ಕಂಕುಳಿಗೆ ಸೇರಿಸುತ್ತೇನೆ. ಹೀಗಾಗಿ ಅಕ್ಷರ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಕಂಡರೆ ಅದನ್ನು ನನ್ನ ಸಿಟ್ಟು ಎಂದು ತಿಳಿಯಬೇಡಿ. ನನ್ನ ಸಿಟ್ಟು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇದೆ.

ವಿಷಯ ಇದು. ನಮ್ಮ ಊರಿನ ಬೀದಿಯಲ್ಲಿ ಬೇಲಿಗಳ ಹೊರಗೆ ಪೇರಿಸಿಟ್ಟಿರುವ ಮಂಜುಗಡ್ಡೆಗಳನ್ನು ಈ ಶನಿವಾರದೊಳಗೆ ತೆಗೆಯಬೇಕು, ತೆಗೆಯದಿದ್ದರೆ ಟ್ರ್ಯಾಕ್ಟರು ಬಂದು ಎಲ್ಲವನ್ನೂ ನದಿಯ ದಂಡೆಗೆ ತಳ್ಳಿಬಿಡುತ್ತದೆ ಎಂದು ನೀವು ಆಜ್ಞೆ ಹೊರಡಿಸಿದ್ದೀರಿ. ಆ ಮಂಜುಗಡ್ಡೆ ನಮ್ಮ ಕುಡಿಯುವ ನೀರು. ಸರೋವರ ಕರಗುವವರೆಗೆ ನಮಗಿರುವುದು ಅಷ್ಟೇ. ನಾಳಿದ್ದು ಶನಿವಾರ.

ಈ ಕಾಗದವನ್ನು ಲಕೋಟೆಯೊಳಗೆ ಹಾಕಿ ಕಳಿಸೋಣ ಎಂದುಕೊಂಡಿದ್ದೆ. ಅಂಗಡಿಯ ಬಲ್ಬಾರಾ ಚಿಕ್ಕಮ್ಮ ಬೇಡ ಎಂದಳು. "ಮುಚ್ಚಿ ಕಳಿಸಿದ್ ಕಾಗ್ದ ಆಫೀಸಿನ ಒಲೆಗೆ ಹೋಗುತ್ತೆ ಕಣೇ. ಬಿಚ್ಚಿ ಕಳ್ಸು. ಒಲೆಗೆ ಹಾಕೋ ಹೊತ್ತಿಗೆ ಊರೆಲ್ಲಾ ಓದಿರುತ್ತೆ." ಅವಳೇ ಇದರ ಫೋಟೋ ತೆಗೆದು ಜಿಲ್ಲೆಯವರ ಫೋನುಗಳಿಗೆಲ್ಲ ಕಳಿಸುತ್ತಾಳೆ. ಅಂಗಡಿಯ ಬಾಗಿಲಿಗೂ ಒಂದು ಪ್ರತಿ ಅಂಟಿಸುತ್ತಾಳಂತೆ. ಅಂಟು ಬೇಕಾಗಿಲ್ಲ, ನೀರು ಚಿಮುಕಿಸಿ ಒತ್ತಿದರೆ ವಸಂತದವರೆಗೆ ಬಾಗಿಲು ಬಿಡುವುದಿಲ್ಲ.

ನಾನು ಯಾರೆಂದು ನಿಮಗೆ ನೆನಪಿರಲಾರದು. ನೀವು ನಮ್ಮ ಮನೆಯಲ್ಲಿ ಚಹಾ ಕುಡಿದಾಗ ಒಲೆಯ ಹಿಂದೆ ಒಬ್ಬ ಹುಡುಗಿ ನಿಂತಿದ್ದಳಲ್ಲ, ಅವಳು ನಾನು. ನೀವು ಎರಡು ಸಲ ಹೆಸರು ಕೇಳಿದಿರಿ. ನಾನು ಎರಡು ಸಲವೂ ನಿಮ್ಮ ಲೋಟ ತುಂಬಿಸಿದೆ. ಹೊಸಬರ ಎದುರು ನನಗೆ ಬಾಯಿ ಬರುವುದಿಲ್ಲ. ನಮ್ಮೂರಲ್ಲಿ ಇರುವುದು ನಾಲ್ಕು ತರಗತಿಗಳ ಶಾಲೆ. ಮುಂದಿನ ಓದಿಗೆ ದೊಡ್ಡ ಊರಿನ ವಸತಿಶಾಲೆಗೆ ಕಳಿಸಿದ್ದರು. ಅಲ್ಲಿ ಯಾರ ಹತ್ತಿರವೂ ಮಾತಾಡಲಾಗದೆ ಹಾಲಿನ ಲಾರಿ ಹತ್ತಿ ಮನೆಗೆ ಬಂದುಬಿಟ್ಟೆ. ಆಮೇಲೆ ಹಸು, ಒಲೆ, ಅಜ್ಜಿ, ಇಷ್ಟೇ ನನ್ನ ಓದು. ಆದರೆ ಕಾಗದದ ಎದುರು ಕುಳಿತರೆ ನನಗೆ ಅಂಜಿಕೆ ಇಲ್ಲ. ಕಾಗದ ನನ್ನ ಮುಖ ನೋಡುವುದಿಲ್ಲ.

ನೀವು ಬಂದ ದಿನವನ್ನು ನೆನಪಿಸಬೇಕು. ಚಳಿ ಆಗಿನ್ನೂ ಎಳೆಯದಾಗಿತ್ತು, ಉಗುಳಿದರೆ ನೆಲಕ್ಕೆ ಬೀಳುವ ಮೊದಲೇ ಟಣ್ ಎನ್ನುವಷ್ಟು ಬಲಿತಿರಲಿಲ್ಲ. ನಿಮ್ಮ ಕಾರು ಬೀದಿಯಲ್ಲಿ ಎಂಜಿನ್ ಆರಿಸದೆ ಗುರುಗುಡುತ್ತಿತ್ತು. ನೀವು ದಕ್ಷಿಣದಿಂದ ಹೊಸದಾಗಿ ಬಂದವರು, ಕನ್ನಡಕದ ಚೌಕಟ್ಟು ಕಬ್ಬಿಣದ್ದು, ಅದು ಕೆನ್ನೆಗೆ ಕಚ್ಚಿಕೊಂಡಿತ್ತು. ನೀವು ಅದನ್ನು ಕೀಳಲು ಹೋದಿರಿ.

"ಎಳೀಬೇಡ ಮಗಾ, ಚರ್ಮ ಬರುತ್ತೆ," ಎಂದಳು ನಮ್ಮ ಓಗ್ದೋ ಅಜ್ಜಿ. "ಒಲೆ ಹತ್ರ ಕೂತ್ಕೋ. ಅದಕ್ಕೆ ಬೇಸರ ಆದಾಗ ಅದೇ ಬಿಡುತ್ತೆ."

ನೀವು ಜಿಲ್ಲೆಯ ಅಧಿಕಾರಿಗಳು ಎಂದು ಜೊತೆಯಲ್ಲಿ ಬಂದಿದ್ದ ಸಹಾಯಕರು ಅವಳ ಕಿವಿಯಲ್ಲಿ ಹೇಳಿದರು. ಅಜ್ಜಿ ಆಮೇಲೆಯೂ ಮಗಾ ಎಂದೇ ಕರೆದಳು, ದನಿ ಮಾತ್ರ ಸ್ವಲ್ಪ ಏರಿಸಿದಳು. ಅಧಿಕಾರಿಗಳಿಗೆ ಕಿವಿ ಮಂದ ಎನ್ನುವುದು ಅವಳ ಅನುಭವ.

ನೀವು ಮೊದಲ ಲೋಟ ಚಳಿಗೆ ಕುಡಿದಿರಿ, ಎರಡನೆಯದನ್ನು ರುಚಿಗೆ ಕುಡಿದಿರಿ. ಮೂರನೆಯದನ್ನು ಕೈಯಲ್ಲಿ ಹಿಡಿದು ಕೇಳಿದಿರಿ: "ಅಜ್ಜೀ, ಈ ಚಹಾಕ್ಕೆ ಏನು ಹಾಕಿದ್ದೀರಿ?"

"ಚಹಾ ಹಾಕಿದೀನಿ."

"ಅಲ್ಲ, ರುಚಿ ಬೇರೆ ಥರ ಇದೆಯಲ್ಲ, ಅದಕ್ಕೆ ಕೇಳಿದೆ."

"ಅದು ನೀರಿನ ರುಚಿ ಮಗಾ. ನಿಮ್ಮೂರಲ್ಲಿ ನೀರು ಕೊಳವೆಯೊಳಗೆ ತೆವಳ್ಕೊಂಡು ಬರುತ್ತೆ, ಬರೋ ಹೊತ್ತಿಗೆ ಸುಸ್ತಾಗಿರುತ್ತೆ. ನಮ್ಮದು ಬೇಲಿ ಹೊರಗೆ ಮಲಗಿರುತ್ತೆ. ನಿದ್ದೆ ಆಗಿರೋ ನೀರು."

ನೀವು ನಕ್ಕಿರಿ. ಕನ್ನಡಕ ಅಷ್ಟರಲ್ಲಿ ಬಿಟ್ಟಿತ್ತು. ಹೊರಡುವಾಗ ನಮ್ಮ ಮಂಜುಗಡ್ಡೆಯ ಸಾಲಿನ ಮುಂದೆ ನಿಂತು, "ನನಗೂ ಒಂದು ತುಂಡು ಸಿಗುತ್ತದೆಯೇ?" ಎಂದು ಕೇಳಿದಿರಿ. ಅಜ್ಜಿ ತಾನೇ ಹೊರಗೆ ಬಂದು, ಗುಳ್ಳೆ ಇಲ್ಲದ, ಕಡ್ಡಿ ಇಲ್ಲದ, ಆಚೆ ಬದಿಯ ಬೇಲಿ ಕಾಣುವಷ್ಟು ತಿಳಿಯಾದ ಒಂದು ಗಡ್ಡೆಯನ್ನು ಬೆರಳಿಟ್ಟು ತೋರಿಸಿದಳು. ನನ್ನ ಅಣ್ಣ ಎರ್ಚಿಮ್ ಅದನ್ನು ಸಾಲಿನ ನಡುವಿನಿಂದ ಹಾರೆಯಲ್ಲಿ ಮೀಟಿ ತೆಗೆದು, ಹಳೆಯ ಕುರಿ ಚರ್ಮದಲ್ಲಿ ಸುತ್ತಿ, ನಿಮ್ಮ ಕಾರಿನ ಹಿಂದೆ ಇಟ್ಟ. ನೀವು ಫೋನು ತೆಗೆದು ಸಾಲಿನ ಫೋಟೋ ತೆಗೆದುಕೊಂಡಿರಿ. ನಮ್ಮ ಮಂಜುಗಡ್ಡೆ ಇಷ್ಟವಾಯಿತು ಎಂದು ನಮಗೆ ಖುಷಿಯಾಯಿತು.

ಆ ಫೋಟೋವನ್ನು ನಾವು ಎರಡನೆಯ ಸಲ ನೋಡಿದ್ದು ನಿಮ್ಮ ಆಜ್ಞೆಯ ಕೆಳಗೆ. "ಬೀದಿಯ ಅಡಚಣೆ: ಅಸ್ತವ್ಯಸ್ತವಾಗಿ ಪೇರಿಸಿದ ಗಡ್ಡೆಗಳ ಒಂದು ಉದಾಹರಣೆ" ಎಂದು ಅದಕ್ಕೆ ತಲೆಬರಹ. ಊರಿನವರೆಲ್ಲ ಅಂಗಡಿಯಲ್ಲಿ ತಲೆ ಸೇರಿಸಿ ನೋಡಿದರು. ಸಾಲಿನ ನಡುವೆ ಹಲ್ಲು ಬಿದ್ದ ಬಾಯಿಯಂತೆ ಒಂದು ಕಿಂಡಿ. ಅದೊಂದು ಬಿಟ್ಟರೆ ನಮ್ಮ ಸಾಲು ದಾರ ಹಿಡಿದು ಕಟ್ಟಿದ ಹಾಗಿದೆ. ಮಾನ್ಯರೇ, ಆ ಕಿಂಡಿಯಲ್ಲಿದ್ದ ಗಡ್ಡೆ ಎಲ್ಲಿಗೆ ಹೋಯಿತು ಎಂದು ನಿಮ್ಮ ಕಾರನ್ನು ಕೇಳಬಹುದೇ? ಅಸ್ತವ್ಯಸ್ತ ಮಾಡಿದವರು ಯಾರು, ಹೊಣೆ ಯಾರ ಮೇಲೆ? ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಹೇಳುತ್ತಾರೆ. ನೀವು ಎಣಿಸಿದ್ದಷ್ಟೇ ಅಲ್ಲ, ಒಂದನ್ನು ಕಿತ್ತುಕೊಂಡು ಹೋಗಿ, ಜಂತೆ ಒಂದು ಕಡಿಮೆ ಇದೆ ಎಂದು ನೋಟಿಸು ಕಳಿಸಿದ್ದೀರಿ.

ನಮ್ಮ ಸರೋವರದ ಮಂಜುಗಡ್ಡೆ ಬೇಕೆಂದಾಗ ಸಿಗುವ ಸರಕಲ್ಲ. ಇದನ್ನು ನಿಮಗೆ ಯಾರೂ ಹೇಳಿರಲಾರರು, ಇಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ. ಶರತ್ಕಾಲ ಮುಗಿಯುವಾಗ ಸರೋವರ ಹೆಪ್ಪುಗಟ್ಟುತ್ತದೆ. ಗಡ್ಡೆ ಮೊಣಕೈಯಷ್ಟು ದಪ್ಪ ಆದಾಗ ಕೊಯ್ಯಬೇಕು. ಅದಕ್ಕಿಂತ ಮೊದಲು ಹೋದರೆ ನಾವು ನೀರಿಗೆ ಬೀಳುತ್ತೇವೆ, ತಡವಾಗಿ ಹೋದರೆ ಗಡ್ಡೆಯನ್ನು ಎತ್ತಲಾಗುವುದಿಲ್ಲ. ಆ ಕೆಲವು ದಿನ ಇಡೀ ಬೀದಿ ಸರೋವರದ ಮೇಲಿರುತ್ತದೆ. ಸರೋವರವನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ, ಅವಳೂ ನಮಗೆ ಅಜ್ಜಿಯೇ. ಮೊದಲು ಬೆಣ್ಣೆ ಸವರಿದ ದಪ್ಪ ದೋಸೆಯನ್ನು ಅಂಚಿನಲ್ಲಿಟ್ಟು ಕೇಳಿಕೊಳ್ಳುತ್ತೇವೆ. ಆಮೇಲೆ ಗರಗಸ, ಹಾರೆ, ಜಾರುಗಾಡಿ. ಕೈಯಲ್ಲಿ ಆಗದವರ ಮನೆಯ ಗಡ್ಡೆಯನ್ನು ಮೊದಲು ಕೊಯ್ದು ಕೊಡುತ್ತೇವೆ, ನಮ್ಮದು ಕೊನೆಗೆ. ಈಗ ಆ ಸರೋವರದ ಮೇಲಿನ ಗಡ್ಡೆ ನನ್ನ ಸೊಂಟ ಮುಟ್ಟುತ್ತದೆ. ಅದರ ಮೇಲೆ ಲಾರಿ ಓಡಿಸಬಹುದು, ಕುಡಿಯಲು ತರಲಾಗದು. ಆದ್ದರಿಂದ "ಅಗತ್ಯವಿದ್ದಲ್ಲಿ ನಾಗರಿಕರು ಮತ್ತೆ ಸಂಗ್ರಹಿಸಿಕೊಳ್ಳಬಹುದು" ಎಂದು ನೀವು ಆಜ್ಞೆಯಲ್ಲಿ ಬರೆದದ್ದನ್ನು ಓದಿದಾಗ ಟ್ರ್ಯಾಕ್ಟರು ಓಡಿಸುವ ತೆರೆಂತೆಯ್ ಮಾವ, "ಹೌದು, ಹಸುಗೂ ಹೇಳಿ, ಹೋದ ವರ್ಷದ ಕರೂನ ಮತ್ತೆ ಹಾಕ್ಕೋ ಅಂತ," ಎಂದ.

ನೀರಿನ ಲಾರಿ ಬರುತ್ತದಲ್ಲ ಎಂದು ನೀವು ಕೇಳುತ್ತೀರಿ. ಬರುತ್ತದೆ, ಬರಬೇಕೆನಿಸಿದಾಗ. ಅದು ನದಿಯ ನೀರು, ಬಟ್ಟೆಗೆ ಮತ್ತು ಹಸುವಿಗೆ. ಅದರಲ್ಲಿ ಚಹಾ ಮಾಡಿದರೆ ಹಳೆಯ ಬೀಗವನ್ನು ಚೀಪಿದ ಹಾಗಿರುತ್ತದೆ. ಎರಡು ವರ್ಷದ ಹಿಂದೆ ನಮ್ಮ ಗಡ್ಡೆ ಬೇಗ ಮುಗಿಯಿತು, ಸರೋವರ ಇನ್ನೂ ಕರಗಿರಲಿಲ್ಲ. ಅಜ್ಜಿ ಲಾರಿಯ ನೀರಿನ ಚಹಾವನ್ನು ಒಂದು ಗುಟುಕು ಕುಡಿದು ಲೋಟವನ್ನು ಮಗುಚಿ ಇಟ್ಟಳು. ಬೈಯಲಿಲ್ಲ. ಸುಮ್ಮನೆ ಕುಡಿಯುವುದನ್ನು ಬಿಟ್ಟಳು. ಚಹಾ ಬಿಟ್ಟ ಮೇಲೆ ಮಾತು ಬಿಟ್ಟಳು, ಏಕೆಂದರೆ ಅವಳ ಮಾತೆಲ್ಲ ಚಹಾದ ಜೊತೆಗೇ ಬರುವುದು. ಆಮೇಲೆ ಊಟ ಕಡಿಮೆ ಮಾಡಿದಳು. ಆ ವಸಂತದಲ್ಲಿ ನಮ್ಮ ಮನೆಯಲ್ಲಿ ಒಲೆಯ ಚಟಪಟ ಬಿಟ್ಟರೆ ಸದ್ದಿರಲಿಲ್ಲ. ಅಪ್ಪ ಅಮ್ಮ ಇಲ್ಲದ ಮೇಲೆ ನನ್ನನ್ನೂ ಅಣ್ಣನನ್ನೂ ಬೆಳೆಸಿದವಳು ಅವಳು. ಹೊಸಬರ ಎದುರು ಬಾಯಿ ಬಿಡದ ನಾನು ಇಡೀ ದಿನ ಮಾತಾಡುವುದು ಅವಳೊಬ್ಬಳ ಹತ್ತಿರ. ಮಾನ್ಯರೇ, ನಿಮ್ಮ ಟ್ರ್ಯಾಕ್ಟರು ತಳ್ಳಲು ಹೊರಟಿರುವುದು ಏನನ್ನು ಎಂದು ಈಗ ತಿಳಿಯಿತಲ್ಲ.

ನಾವು ಆಜ್ಞೆಯನ್ನು ಪಾಲಿಸಲು ಪ್ರಯತ್ನಿಸಲಿಲ್ಲ ಎಂದು ಮಾತ್ರ ಹೇಳಬೇಡಿ. ಸಖಾ ಜನ, ಅಂದರೆ ಸೈಬೀರಿಯಾದ ಈ ಮೂಲೆಯ ನಾವು, ಹಟಮಾರಿಗಳು ಎಂಬ ಮಾತು ದಕ್ಷಿಣದಲ್ಲಿದೆಯಂತೆ. ನಾವು ಎರಡು ಸಲ ಪಾಲಿಸಿದೆವು.

ಮೊದಲ ಸಲ, ಬೀದಿಯಿಂದ ತೆಗೆದು ಹಿತ್ತಿಲಿಗೆ ಸಾಗಿಸಿದೆವು. ಹಿತ್ತಿಲಲ್ಲಿ ಸೌದೆ ಇದೆ, ನಾಯಿ ಇದೆ, ಮನೆಯ ಚಿಮಣಿಯ ಮಸಿ ಬೀಳುವ ಜಾಗ ಇದೆ. ಖಾಲಿ ಇದ್ದದ್ದು ಕೊಟ್ಟಿಗೆಯ ಗೋಡೆಯ ಪಕ್ಕ ಮಾತ್ರ. ಅಲ್ಲಿಟ್ಟೆವು. ಕೊಟ್ಟಿಗೆಯ ಗೋಡೆಯಲ್ಲಿ ಹಸುಗಳ ಉಸಿರು ಹೊರಹೋಗಲು ಒಂದು ತೂತು ಇರುತ್ತದೆ. ಆ ಬಿಸಿ ಉಸಿರು ಹೊರಗೆ ಬಂದ ಕೂಡಲೇ ಹೆಪ್ಪುಗಟ್ಟಿ ಹತ್ತಿರ ಏನಿದೆಯೋ ಅದರ ಮೇಲೆ ಕೂರುತ್ತದೆ. ಹತ್ತಿರ ಇದ್ದದ್ದು ನಮ್ಮ ಚಹಾ. ಮೂರನೆಯ ದಿನ ಬಲ್ಬಾರಾ ಚಿಕ್ಕಮ್ಮ ಬಂದು ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ ನೋಡಿದಳು.

"ಓಗ್ದೋ ಅತ್ತೆ, ಚಹಾಕ್ಕೆ ಹಾಲು ಹಾಕೋದು ನೋಡಿದೀನಿ. ನೀವು ಹಸುನೇ ಹಾಕಿದೀರಲ್ಲ."

"ನಾನು ಹಾಕ್ಲಿಲ್ಲ, ಜಿಲ್ಲೆಯೋರು ಹಾಕಿದ್ದು," ಎಂದಳು ಅಜ್ಜಿ. "ಯಾವ ಹಸು ಅಂತಾನೂ ಹೇಳ್ಬಲ್ಲೆ ನಾನು. ಆ ಕೆಂಚಿದು."

ಮೇಲಿನ ಪದರವನ್ನು ಕೊಡಲಿಯಲ್ಲಿ ಕೆತ್ತಿ ತೆಗೆದು, ಎಲ್ಲವನ್ನೂ ಮರಳಿ ಬೀದಿಗೆ ಹೊತ್ತೆವು. ಆಗ ಎರ್ಚಿಮ್ ಅಣ್ಣ ನಿಮ್ಮ ಆಜ್ಞೆಯನ್ನು ಮತ್ತೊಮ್ಮೆ ಓದಿದ. ಅವನು ಏಳನೆಯ ತರಗತಿವರೆಗೆ ಓದಿದವನು, ನಮ್ಮ ಮನೆಯ ಪಂಡಿತ. "ಸ್ಥಳಾಂತರಿಸಲಾಗದಿದ್ದಲ್ಲಿ ಸಭ್ಯವಾದ ರೀತಿಯಲ್ಲಿ ಮರೆಮಾಡತಕ್ಕದ್ದು" ಎಂಬ ಸಾಲು ಅವನ ಕಣ್ಣಿಗೆ ಬಿತ್ತು.

"ಸಿಕ್ತು ನೋಡು. ಮುಚ್ಚಿದ್ರೆ ಸಾಕಂತೆ," ಎಂದ.

"ಯಾತರಲ್ಲಿ ಮುಚ್ತೀಯೋ?" ಎಂದಳು ಅಜ್ಜಿ.

"ಹುಲ್ಲಲ್ಲಿ. ಬೇಸಿಗೇಲಿ ನೆಲಮಾಳಿಗೆಯ ಗಡ್ಡೆಗೂ ಹುಲ್ಲೇ ಹೊದಿಸ್ತೀವಲ್ಲ. ನೋಡೋರಿಗೆ ಹುಲ್ಲಿನ ಬಣವೆ ಥರ ಕಾಣುತ್ತೆ. ಸಭ್ಯವಾಗಿರುತ್ತೆ."

"ಬೇಸಿಗೇಲಿ ನೆಲಮಾಳಿಗೆಗೆ ಬಾಗಿಲಿರುತ್ತೆ," ಎಂದಷ್ಟೇ ಹೇಳಿದಳು ಅಜ್ಜಿ. ಅಣ್ಣನಿಗೆ ಅದು ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆ ನಮಗಾರಿಗೂ ಆಗಲಿಲ್ಲ. ಹುಟ್ಟಿದಾಗಿನಿಂದ ಇಲ್ಲೇ ಇರುವ ಇಡೀ ಬೀದಿಯವರು ಅವನನ್ನು ನೋಡಿ ತಮ್ಮ ತಮ್ಮ ಗಡ್ಡೆಗಳ ಮೇಲೆ ಒಳ್ಳೆಯ, ಪರಿಮಳದ, ಬೇಸಿಗೆಯ ಹುಲ್ಲನ್ನು ದಪ್ಪವಾಗಿ ಹೊದಿಸಿದರು. ಬೀದಿ ನಿಜಕ್ಕೂ ಚೆನ್ನಾಗಿ ಕಂಡಿತು.

ನಮ್ಮ ಕುದುರೆಗಳು ಚಳಿಗಾಲವಿಡೀ ಹೊರಗೇ ಇರುತ್ತವೆ ಎಂದು ನಿಮ್ಮ ಸಹಾಯಕರು ಹೇಳಿರಬಹುದು. ಹಿಮವನ್ನು ಗೊರಸಿನಿಂದ ಕೆದಕಿ ಅಡಿಯಲ್ಲಿ ಉಳಿದ ಒಣಕಡ್ಡಿಯನ್ನು ಹೆಕ್ಕಿ ತಿನ್ನುತ್ತವೆ. ಅಂಥ ಪ್ರಾಣಿಗಳಿಗೆ ಎದೆಯ ಎತ್ತರದಲ್ಲಿ, ಬೀದಿಯ ಉದ್ದಕ್ಕೂ ಹುಲ್ಲು ಬಡಿಸಿಟ್ಟರೆ? ಬೆಳಕು ಹರಿಯುವಾಗ ನಾನು ಹಾಲು ಕರೆಯಲು ಹೊರಗೆ ಬಂದೆ. ಮಂಜು ಕವಿದಿತ್ತು. ಬೀದಿಯ ತುಂಬ ಅಗಿಯುವ ಸದ್ದು. ಊರಿನ ಅಷ್ಟೂ ಕುದುರೆಗಳು ಎರಡು ಸಾಲಿನಲ್ಲಿ ಮದುವೆಯ ಪಂಕ್ತಿಗೆ ಕುಳಿತವರಂತೆ ನಿಂತಿದ್ದವು. ಮೈಮೇಲೆಲ್ಲ ಬಿಳಿ ಹಿಮ, ಬಾಯಲ್ಲಿ ಹಸಿರು ಹುಲ್ಲು. ತಿಂದದ್ದು ಮಾತ್ರವಾಗಿದ್ದರೆ ಸರಿ. ಪಂಕ್ತಿಯಿಂದ ಎದ್ದು ಹೋಗುವ ಮೊದಲು ಕುದುರೆಗಳು ಏನು ಬಿಟ್ಟು ಹೋಗುತ್ತವೆ ಎಂದು ಅಧಿಕಾರಿಗಳಿಗೆ ಬರೆಯುವ ಕಾಗದದಲ್ಲಿ ಬರೆಯಲಾರೆ.

"ನಾವು ಸಭ್ಯವಾಗೇ ಮುಚ್ಚಿದ್ವಿ," ಎಂದ ಅಣ್ಣ, ಸಲಿಕೆ ಹಿಡಿದು. "ಅವಕ್ಕೆ ಯಾರೂ ಆಜ್ಞೆ ಓದಿ ಹೇಳಿರ್ಲಿಲ್ಲ."

ಮತ್ತೆ ಕೊಡಲಿ, ಮತ್ತೆ ಕೆತ್ತನೆ. ಎರಡು ಸಲದ ವಿಧೇಯತೆಯಲ್ಲಿ ನಮ್ಮ ಸಾಲು ಈಗಾಗಲೇ ಒಂದು ಗೇಣು ಸಣ್ಣದಾಗಿದೆ. ಮೂರನೆಯ ಸಲ ಪಾಲಿಸಿದರೆ ಏಪ್ರಿಲಿನಲ್ಲೇ ಅಜ್ಜಿ ಲೋಟ ಮಗುಚಬೇಕಾಗುತ್ತದೆ.

ನಿಮ್ಮ ಆಜ್ಞೆಯ ಉಳಿದ ಮಾತುಗಳ ಬಗ್ಗೆ ನಮಗೆ ಅಂಥ ತಕರಾರಿಲ್ಲ. ಬಟ್ಟೆಯನ್ನು ಬೀದಿಯ ಕಡೆ ಒಣಹಾಕಬಾರದು ಎಂದಿದ್ದೀರಿ. ಅದಕ್ಕೆ ಕಾರಣ ನಮಗೆ ಗೊತ್ತು. ಆಜ್ಞೆಗೆ ಮೊದಲು ಬೀದಿ ಅಳೆಯಲು ಬಂದಿದ್ದ ನಿಮ್ಮ ಸಹಾಯಕರು ಮಂಜಿನಲ್ಲಿ ನಮ್ಮ ಬೇಲಿಯ ಹತ್ತಿರ ನಿಂತು, ಹೆಪ್ಪುಗಟ್ಟಿ ಸೆಟೆದುಕೊಂಡಿದ್ದ ಅಣ್ಣನ ಕೋಟು ಮತ್ತು ಪ್ಯಾಂಟಿಗೆ ನಮಸ್ಕಾರ ಹೇಳಿ, ಅಂಗಡಿ ಯಾವ ಕಡೆ ಎಂದು ಕೇಳಿದರು. ಉತ್ತರ ಬಾರದಿದ್ದಾಗ ಇಲ್ಲಿಯ ಜನ ಒರಟರು ಎಂದುಕೊಂಡು ಮುಂದೆ ಹೋದರು. ಬಟ್ಟೆಯನ್ನು ಈಗ ಹಿತ್ತಿಲಲ್ಲಿ ಕೊಟ್ಟಿಗೆಯ ಕಡೆಗೆ ಹಾಕುತ್ತೇವೆ. ಅಲ್ಲೂ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ, ಆದರೆ ನಮ್ಮ ಹಸುಗಳು ದಾರಿ ಕೇಳುವುದಿಲ್ಲ.

ಆದರೆ ಬೆಂಚು? ಮಂಜುಗಡ್ಡೆ ತೆಗೆದ ಜಾಗದಲ್ಲಿ "ನಾಗರಿಕರ ವಿಶ್ರಾಂತಿಗಾಗಿ" ಇಡಬೇಕೆಂದು ನೀವು ಬೆಂಚುಗಳನ್ನು ಕಳಿಸಿದ್ದೀರಿ. ಸೌಂದರ್ಯ ಸಮಿತಿ ಬಂದಾಗ ಅವುಗಳ ಮೇಲೆ ನಾಗರಿಕರು ವಿಶ್ರಮಿಸುತ್ತಿರಬೇಕಂತೆ. ಬೆಂಚುಗಳು ಗಟ್ಟಿಮುಟ್ಟಾಗಿವೆ, ಬಳ್ಳಿಯ ಚಿತ್ತಾರ ಇದೆ, ಪೂರ್ತಿ ಕಬ್ಬಿಣದವು. ನಮ್ಮಲ್ಲಿ ಈ ತಿಂಗಳು ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ಮೂರು ವರ್ಷದ ಮಗುವಿಗೂ ಗೊತ್ತು. ನಿಮ್ಮ ಕನ್ನಡಕಕ್ಕೆ ಬೇಸರವಾದಾಗ ಅದು ಬಿಟ್ಟಿತು. ಬೆಂಚಿಗೆ ಬೇಸರ ಆಗುವುದು ವಸಂತದಲ್ಲಿ. ಅಲ್ಲಿಯವರೆಗೆ ಕುಳಿತ ನಾಗರಿಕರಿಗೆ ಊಟವನ್ನು ಯಾರು ತಂದುಕೊಡಬೇಕು? ಸದ್ಯ ಬಲ್ಬಾರಾ ಚಿಕ್ಕಮ್ಮ ಒಂದು ಬೆಂಚನ್ನು ಅಂಗಡಿಯ ಮುಂದೆ ಇಟ್ಟು, ಅದರ ಮೇಲೆ ಹೆಪ್ಪುಗಟ್ಟಿದ ಮೀನುಗಳನ್ನು ಸಾಲಾಗಿ ನಿಲ್ಲಿಸಿದ್ದಾಳೆ. ವಿಶ್ರಾಂತಿ ಪಡೆಯುವ ನಾಗರಿಕರು ಸದ್ಯಕ್ಕೆ ಅವೇ.

ಸೌಂದರ್ಯ ಎಂದರೆ ಏನೆಂದು ಕಲಿಸುವಷ್ಟು ಓದಿದವಳಲ್ಲ ನಾನು. ನೋಡಿದ್ದನ್ನು ಹೇಳಬಲ್ಲೆ. ಚಳಿಗಾಲದಲ್ಲಿ ನಮಗೆ ಸೂರ್ಯ ಕಾಣುವುದು ಸ್ವಲ್ಪ ಹೊತ್ತು. ಆ ಹೊತ್ತಿನಲ್ಲಿ ಅವನು ಬೇಲಿಯ ಎತ್ತರಕ್ಕಿಂತ ಮೇಲೇರುವುದಿಲ್ಲ. ಆಗ ಬೆಳಕು ಮನೆಗಳ ಮೇಲೆ ಬೀಳುವುದಿಲ್ಲ, ಮಂಜುಗಡ್ಡೆಯ ಸಾಲಿನ ಒಳಗೆ ಹೋಗುತ್ತದೆ. ಬೀದಿಯ ಉದ್ದಕ್ಕೂ ಒಂದಾದ ಮೇಲೊಂದು ಸಾಲು ಹಸಿರು ನೀಲಿ ದೀಪದ ಹಾಗೆ ಹೊತ್ತಿಕೊಳ್ಳುತ್ತದೆ. ಶಾಲೆಯಿಂದ ಬರುವ ಮಕ್ಕಳು ಗಡ್ಡೆಗೆ ಮುಖ ಹಚ್ಚಿ ಒಳಗೆ ಸಿಕ್ಕಿಬಿದ್ದ ಹುಲ್ಲುಕಡ್ಡಿ, ಗುಳ್ಳೆ ನೋಡುತ್ತಾರೆ. ಒಂದು ಸಲ ನಮ್ಮ ಗಡ್ಡೆಯೊಳಗೆ ಬೆರಳುದ್ದದ ಮೀನೊಂದಿತ್ತು. ಅದನ್ನು ನೋಡಲು ಊರೇ ಬಂದಿತ್ತು. ಇದು ಅಡಚಣೆಯಾದರೆ, ನಿಮ್ಮ ಅಡುಗೆಮನೆಯ ನಲ್ಲಿಯೂ ಅಡಚಣೆಯೇ ಅಲ್ಲವೇ? ಅದು ಗೋಡೆಯಿಂದ ಹೊರಚಾಚಿಕೊಂಡಿದೆ, ನೋಡಲು ಚೆನ್ನಾಗಿಲ್ಲ, ಆಗಾಗ ಸೋರುತ್ತದೆ. ಅದನ್ನು ಯಾವ ಶನಿವಾರದೊಳಗೆ ತೆಗೆಸುತ್ತೀರಿ?

ಇನ್ನು ಟ್ರ್ಯಾಕ್ಟರಿನ ವಿಷಯ. ಅದು ನಮ್ಮ ಊರಿನದೇ, ಓಡಿಸುವವನು ತೆರೆಂತೆಯ್ ಮಾವ. ಹುಲ್ಲು ಸಾಗಿಸಿದ ಮೇಲೆ ಅದು ಶೆಡ್ಡಿನಲ್ಲಿ ಮಲಗಿದೆ. ನಿಮ್ಮ ಆಜ್ಞೆ ಬಂದ ದಿನ ಅವನು ನಮ್ಮ ಮನೆಗೆ ಬಂದು ಟೋಪಿ ತೆಗೆದು ಅದನ್ನೇ ಮೊಣಕಾಲ ಮೇಲೆ ತಿರುಗಿಸುತ್ತ ಕುಳಿತ.

"ಏನೋ, ನಾಲಿಗೆ ಹಲ್ಲಿಗೆ ಅಂಟ್ಕೊಂಡಿದ್ಯಾ?" ಎಂದು ಅಜ್ಜಿ ಕೇಳಿದಳು.

"ಅತ್ತೆ, ನಂಗೆ ತಳ್ಳೋಕೆ ಹೇಳಿದಾರೆ. ತಳ್ಳದಿದ್ರೆ ಬೇರೆಯವರನ್ನ ಇಡ್ತಾರಂತೆ. ಬೀದಿ ತುದಿಯಿಂದ ಶುರು ಮಾಡ್ಬೇಕಂತೆ."

"ತುದೀಲಿ ಯಾರ ಮನೆ?"

"ನಮ್ಮದೇ."

ಅಜ್ಜಿ ಅವನಿಗೆ ಚಹಾ ಬಗ್ಗಿಸಿದಳು. "ಒಳ್ಳೇದಾಯ್ತು ಬಿಡು. ನಿಂದನ್ನ ತಳ್ಳೋಷ್ಟರಲ್ಲಿ ನಿಂಗೆ ಅಭ್ಯಾಸ ಆಗುತ್ತೆ. ನಮ್ಮದನ್ನ ನಾಜೂಕಾಗಿ ತಳ್ಳು."

"ಹಂಗನ್ಬೇಡಿ ಅತ್ತೆ. ಈ ಸರ್ತಿ ನಮ್ಮ ಗಡ್ಡೆ ಕೊಯ್ದು ಕೊಟ್ಟೋನು ನಿಮ್ಮ ಎರ್ಚಿಮೇ. ನಂಗೆ ಸೊಂಟ ಹಿಡ್ಕೊಂಡಿತ್ತು."

ನಾನು ಒಲೆಯ ಹಿಂದಿನಿಂದ ನೋಡುತ್ತಿದ್ದೆ. ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹಬೆಯೊಳಗೆ ಮುಖ ಬಚ್ಚಿಟ್ಟುಕೊಂಡಿದ್ದ. ನಾನು ನಾಚಿಕೆಯಾದಾಗ ಮಾಡುವುದೂ ಅದನ್ನೇ. ಈ ಕಾಗದ ಬರೆಯಬೇಕೆಂದು ನನಗೆ ಅನ್ನಿಸಿದ್ದು ಆಗ.

ನನ್ನ ಬೇಡಿಕೆ ಇಷ್ಟು. ಶನಿವಾರದ ಆಜ್ಞೆಯನ್ನು ಇಂದೇ ಹಿಂದಕ್ಕೆ ತೆಗೆದುಕೊಳ್ಳಿ. ಇದಕ್ಕೆ ದೊಡ್ಡ ಕಾಗದ ಬೇಡ, ತೆರೆಂತೆಯ್ ಮಾವನಿಗೆ ಒಂದು ಫೋನು ಮಾಡಿ "ಮಲಗಿಕೋ" ಎಂದರೆ ಸಾಕು, ಅದು ಅವನು ಸಂತೋಷದಿಂದ ಪಾಲಿಸುವ ಆಜ್ಞೆ. ಫೋಟೋದ ಕೆಳಗಿನ "ಅಸ್ತವ್ಯಸ್ತ" ಎಂಬ ಮಾತನ್ನು ಹೊಡೆದುಹಾಕಿ, ಇಲ್ಲವೇ ಆ ಕಿಂಡಿಗೆ ಅದರ ಗಡ್ಡೆಯನ್ನು ತಂದು ಕೂರಿಸಿ. ಬೆಂಚುಗಳ ಮೇಲೆ ಹಾಸಲು ಜಿಂಕೆಯ ಚರ್ಮ ಕಳಿಸಿ, ಆಗದಿದ್ದರೆ ಮೀನುಗಳನ್ನೇ ನಾಗರಿಕರೆಂದು ಒಪ್ಪಿಕೊಳ್ಳಿ. ಸಮಿತಿಯವರನ್ನು ಸೂರ್ಯ ಇರುವ ಆ ಸ್ವಲ್ಪ ಹೊತ್ತಿನಲ್ಲಿ ಕರೆತನ್ನಿ, ಬೀದಿಯನ್ನು ತೋರಿಸಿ, ಆಮೇಲೆ ನಮ್ಮ ಮನೆಗೆ ಕರೆತನ್ನಿ. ಕಬ್ಬಿಣದ ಕನ್ನಡಕ ಮಾತ್ರ ಬೇಡ. ನೀವು ಕೆಟ್ಟವರೆಂದು ನಾವು ಹೇಳುವುದಿಲ್ಲ. ಮೂರು ಲೋಟ ಕುಡಿದವರು ಕೆಟ್ಟವರಾಗಿರಲಾರರು ಎಂದು ಅಜ್ಜಿಯ ಅಭಿಪ್ರಾಯ. ನಿಮ್ಮ ಗಡ್ಡೆ ಈಗ ಮುಗಿದಿರಬೇಕು. ಇನ್ನೊಂದು ಬೇಕಿದ್ದರೆ, ಅದು ಬೀದಿಯಲ್ಲೇ ಇದ್ದರೆ, ಕೊಡುತ್ತೇವೆ.

ಇಷ್ಟು ಬರೆದು ನಿನ್ನೆ ಮುಗಿಸಿದ್ದೆ. ಈ ಬೆಳಿಗ್ಗೆ ನಡೆದದ್ದನ್ನು ಸೇರಿಸಬೇಕಾಗಿದೆ.

ಬೆಳಿಗ್ಗೆ ತೆರೆಂತೆಯ್ ಮಾವ ಬಾಗಿಲು ಬಡಿದ. ಕಣ್ಣಿನ ರೆಪ್ಪೆಗಳೆಲ್ಲ ಬೆಳ್ಳಗೆ, ಕೈಯಲ್ಲಿ ಎರಡು ಖಾಲಿ ಬಕೆಟ್ಟು. ನಾಳೆ ಓಡಬೇಕಾದರೆ ಟ್ರ್ಯಾಕ್ಟರನ್ನು ಇಂದೇ ಎಬ್ಬಿಸಬೇಕು. ಎರಡು ಬಕೆಟ್ಟು ಕುದಿಯುವ ನೀರು ಸುರಿಯದೆ ಅದು ಕಣ್ಣು ಬಿಡುವುದಿಲ್ಲ. ಅವನ ಹೆಂಡತಿ ಮಗಳ ಮನೆಗೆ ಹೋಗಿದ್ದಾಳೆ, ಅವನ ಒಲೆ ಆರಿದೆ. ನೀರಿನ ಲಾರಿ ನಿನ್ನೆಯಿಂದ ಬಂದಿಲ್ಲ, ಅದರ ಕೊಳವೆಯೇ ಹೆಪ್ಪುಗಟ್ಟಿದೆಯಂತೆ. ನಮ್ಮ ಒಲೆಯ ಮೇಲೆ ಹಂಡೆಯಲ್ಲಿ ಕುದಿಯುತ್ತಿದ್ದದ್ದು ಬೀದಿಯಿಂದ ತಂದ ಗಡ್ಡೆ.

"ಅತ್ತೆ, ಕೇಳೋಕೆ ಮುಖ ಇಲ್ಲ," ಎಂದ.

ಎರ್ಚಿಮ್ ಅಣ್ಣ ಎದ್ದು ನಿಂತ. "ನಮ್ಮ ಗಡ್ಡೆ ತಳ್ಳೋಕೆ ನಮ್ಮ ಗಡ್ಡೆನೇ ಕುದಿಸಿ ಕೊಡ್ಬೇಕಾ?"

"ಸುಮ್ನಿರೋ," ಎಂದಳು ಅಜ್ಜಿ. "ನೀರು ಕೇಳ್ಕೊಂಡು ಬಾಗಿಲಿಗೆ ಬಂದೋರ್ಗೆ ಇಲ್ಲ ಅನ್ಬಾರ್ದು." ಆಮೇಲೆ ನನ್ನ ಕಡೆ ತಿರುಗಿದಳು. "ಕೊಡು ಮಗಳೇ. ಅರ್ಧ ಬಕೆಟ್ ಕೊಡು."

ನಾನು ಅರ್ಧ ಬಕೆಟ್ಟು ತುಂಬಿಸಿ ಕೊಟ್ಟೆ. ಮಾವ ಬಕೆಟ್ಟಿನೊಳಗೆ ನೋಡಿದ, ಅಜ್ಜಿಯನ್ನು ನೋಡಿದ, ಉಳಿದ ಒಂದೂವರೆ ಬಕೆಟ್ಟು ಕೇಳಲಿಲ್ಲ. ಖಾಲಿ ಬಕೆಟ್ಟನ್ನು ನಮ್ಮ ಬಾಗಿಲಲ್ಲೇ ಮರೆತು, ಅರ್ಧ ತುಂಬಿದ್ದನ್ನು ಎರಡು ಕೈಯಲ್ಲಿ ಹಿಡಿದು, ಶೆಡ್ಡು ತಲುಪುವಷ್ಟರಲ್ಲಿ ನೀರು ಆರಿಹೋಗುವಷ್ಟು ನಿಧಾನವಾಗಿ ನಡೆದುಕೊಂಡು ಹೋದ.

ಇಂತಿ,
ನಿಮ್ಮ ಫೋಟೋದಲ್ಲಿರುವ ಅಡಚಣೆಯ ಒಡತಿ,
ಹೆಸರು ಕೇಳಿದಾಗ ಹೇಳದೆ ಉಳಿದ
ಸಂದಾರಾ